ಸೇತುವೆಯ ಏರಿಗೆ ಒಂದು ಮೋಟರು

ಮೋಟರು ತಿರುಗುವುದನ್ನು ನೋಡಿ ಯಾರೂ ನಂಬಬಾರದು. ಟೇಬಲ್ಲಿನ ಮೇಲಿಟ್ಟು ಎರಡು ವೈರು ಮುಟ್ಟಿಸಿದರೆ ಎಂಥ ಮುರುಕು ಮೋಟರೂ ಗುಂಯ್ ಎನ್ನುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ನನ್ನ ಗಂಡ. ಕುರ್ಲಾದ ಒಂದು ವರ್ಕ್‌ಶಾಪಿನಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವರ ಕೆಲಸ. "ಖಾಲಿ ಓಡಿದ್ದು ಓಟಲ್ಲ, ಭಾರ ಹೊತ್ತು ಓಡಬೇಕು" ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾರೆ. ಈ ಸಲ ಆ ಭಾರ ನಾನೇ ಆಗಿದ್ದೆ.

ಪೋಲಿಯೊ ನನ್ನ ಕಾಲುಗಳನ್ನು ನಾನು ನಡೆಯಲು ಕಲಿಯುವ ಮೊದಲೇ ತೆಗೆದುಕೊಂಡಿತು. ಆಗ ನಾವು ವಿಜಯಪುರದಲ್ಲಿದ್ದೆವು. ಮದುವೆಯಾಗಿ ಕುರ್ಲಾದ ಚಾಳಿನ ಒಂದೇ ಕೋಣೆಯ ಮನೆಗೆ ಬಂದ ಮೇಲೆ ನನ್ನ ಓಡಾಟವೆಲ್ಲ ಮೂರು ಚಕ್ರದ ಕೈಸೈಕಲ್ಲಿನ ಮೇಲೆ. ಎದೆಯ ಮುಂದೆ ಪೆಡಲು, ಅದನ್ನು ಎರಡೂ ಕೈಯಿಂದ ತಿರುಗಿಸಬೇಕು. ನಾನು ಕೆಲಸ ಮಾಡುವ ಕ್ರೆಡಿಟ್ ಸೊಸೈಟಿ ರೈಲು ಹಳಿಯ ಆಚೆ ಬದಿಗಿದೆ, ನಮ್ಮ ಮನೆ ಈಚೆ ಬದಿಗೆ. ನಡುವೆ ಸೇತುವೆ. ನಡೆಯುವವರು ಹೆಚ್ಚಾಗಿ ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಿ ಇಳಿದುಬಿಡುತ್ತಾರೆ. ನನಗೆ ಗಾಡಿಗಳು ಹೋಗುವ ದೊಡ್ಡ ಸೇತುವೆಯೇ ಗತಿ. ಅದರ ಏರನ್ನು ನಾನು ವರ್ಷಾನುವರ್ಷ ಕೈಯಿಂದಲೇ ಹತ್ತಿದ್ದೇನೆ, ಹಿಂದೆ ಹಾರ್ನ್ ಹೊಡೆಯುವವರಿಗೆ ಮನಸ್ಸಿನಲ್ಲೇ ಕನ್ನಡದಲ್ಲಿ ಬೈಯುತ್ತಾ.

ಹೋದ ಮಳೆಗಾಲದಲ್ಲಿ ನನ್ನ ಬಲಭುಜ ಕೈಕೊಟ್ಟಿತು. ತಲೆ ಬಾಚಲೂ ಕೈ ಏಳುತ್ತಿರಲಿಲ್ಲ. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಪೆಡಲು ತಿರುಗಿಸಿದರೆ ಆ ಕೈಯೂ ಹೋಗುತ್ತದೆ ಎಂದರು. ಕಾಲಿಲ್ಲದವಳಿಗೆ ಕೈಯೂ ಹೋಗುತ್ತದೆ ಎಂದು ಹೇಳುವಾಗ ಮನುಷ್ಯ ಸ್ವಲ್ಪ ದನಿ ತಗ್ಗಿಸಬೇಕಲ್ಲವೆ? ಅವರು ತಗ್ಗಿಸಲಿಲ್ಲ. ನಾನು ರಜೆ ಹಾಕಿ ಮನೆಯಲ್ಲಿ ಕುಳಿತೆ. ಕೊನೆಗೆ ಸೊಸೈಟಿಯ ಮ್ಯಾನೇಜರು ಫೋನ್ ಮಾಡಿದರು. "ಮ್ಯಾಡಮ್, ಮಂಡೇ ಸೆ ಆನಾ ಪಡೇಗಾ. ನಹೀಂ ತೋ ಕೌಂಟರ್ ಪೇ ದೂಸರಾ ಆದ್ಮಿ ಬಿಠಾನಾ ಪಡೇಗಾ." ಸೋಮವಾರ ಬರದಿದ್ದರೆ ನನ್ನ ಕೌಂಟರಿಗೆ ಬೇರೆಯವರನ್ನು ಕೂರಿಸುತ್ತಾರಂತೆ. ದನಿಯಲ್ಲಿ ಕೆಟ್ಟತನವಿರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ರಿಕ್ಷಾದಾಗ ಹೋಗಿ ಬರಬೇಕವಾ," ಎಂದರು ಅತ್ತೆ. ಅವರಿಗೇನು, ಹೇಳಿದರು. ರಿಕ್ಷಾ ಹತ್ತಲು ಒಬ್ಬರು ಎತ್ತಬೇಕು, ಇಳಿಯಲು ಇನ್ನೊಬ್ಬರು. ಒಳಗೆ ಹೋದ ಮೇಲೆ ಕೌಂಟರಿನ ಕುರ್ಚಿಗೆ ಮತ್ತೊಬ್ಬರು. ಗಂಡ ದಿನಾ ಬೆಳಿಗ್ಗೆ ನನ್ನನ್ನು ನೂಕಿಕೊಂಡು ಹೋಗಿ ಬಿಡುತ್ತೇನೆ ಎಂದರು. ಎರಡಕ್ಕೂ ನಾನು ಒಪ್ಪಲಿಲ್ಲ. ಮನೆಯಿಂದ ಹೊರಟು ಸೊಸೈಟಿಯ ಬಾಗಿಲು ಮುಟ್ಟುವವರೆಗೆ ನಾನು ಯಾರ ಕೈಯನ್ನೂ ಕೇಳುತ್ತಿರಲಿಲ್ಲ. ನನ್ನ ಬಳಿ ಇದ್ದ ಆಸ್ತಿ ಅಂದರೆ ಅದೊಂದೇ. ಅದನ್ನು ಬಿಟ್ಟುಕೊಡುವುದಾದರೆ ಕೆಲಸ ಯಾಕೆ, ಮನೆಯಲ್ಲೇ ಕುಳಿತು ಸೊಪ್ಪು ಸೋಸಿದರಾಯಿತು.

ಹಾಗಾಗಿ ಮೋಟರು. ಗಂಡ ಸ್ಕ್ರ್ಯಾಪ್ ಬಜಾರಿನಲ್ಲಿ ಹುಡುಕಿ ಬ್ಯಾಟರಿ ಸೈಕಲ್ಲಿನ ಹಳೆಯ ಮೋಟರೊಂದನ್ನು ತಂದರು. ಬಿಚ್ಚಿ, ತೊಳೆದು, ತಂತಿ ನೋಡಿ, ಬೇರಿಂಗ್ ಬದಲಿಸಿದರು. ಅದು ಭಾರ ಎಳೆಯುತ್ತದೋ ಇಲ್ಲವೋ ಎಂದು ಗೊತ್ತಾಗುವ ಮೊದಲೇ ನನ್ನ ಸೈಕಲ್ಲಿಗೆ ಹಾರ್ನು, ಕನ್ನಡಿ, ಕೆಂಪು ದೀಪ ಎಲ್ಲ ಬಂದವು. ಕೂಸು ಹುಟ್ಟುವ ಮುಂಚೆ ಕುಲಾವಿ. "ಏನ್ರೀ, ಕಾಲರ್ ಟ್ಯೂನೂ ಹಾಕತೀರೇನು?" ಎಂದೆ. ಅವರು ನಕ್ಕು ಹಾರ್ನ್ ಒತ್ತಿ ತೋರಿಸಿದರು. ಅತ್ತೆ ಹೌಹಾರಿ ಎದ್ದು ಕುಳಿತರು.

ಏರು ಎಷ್ಟು ಭಾರ ಎಳೆಸುತ್ತದೆ ಎಂದು ತಿಳಿಯಲು ಭಾನುವಾರ ಬೆಳಿಗ್ಗೆ, ಗಾಡಿಗಳು ಕಡಿಮೆಯಿದ್ದಾಗ, ನನ್ನನ್ನು ಸೇತುವೆಗೆ ಕರೆದೊಯ್ದರು. ರದ್ದಿ ಪೇಪರಿನವನ ಕೊಕ್ಕೆ ತಕ್ಕಡಿ ಇಸಕೊಂಡು ಬಂದಿದ್ದರು, ಸ್ಪ್ರಿಂಗಿನದು. ಅದನ್ನು ಸೈಕಲ್ಲಿನ ಮುಂದೆ ಸಿಕ್ಕಿಸಿ, ಇನ್ನೊಂದು ತುದಿಗೆ ಹಗ್ಗ ಕಟ್ಟಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಎಳೆದರು. ಸಂತೆಗೆ ಹೊರಟ ಮೇಕೆಯ ಹಾಗೆ ನಾನು ಹಿಂದೆ ಹಿಂದೆ. ವಾಕಿಂಗಿಗೆ ಬಂದವರು ನಿಂತು ನೋಡಿದರು. ನಾನು ತಲೆ ತಗ್ಗಿಸಿ ತಕ್ಕಡಿಯ ಮುಳ್ಳನ್ನೇ ಓದುತ್ತಿದ್ದೆ. ಕಡಿದಾದ ಜಾಗದಲ್ಲಿ ಅದು ಒಂಬತ್ತು ಕಿಲೋ ತೋರಿಸಿತು. ಚಕ್ರದ ಅಗಲ, ಚೈನು ಹಲ್ಲಿನ ಲೆಕ್ಕ ಎಲ್ಲ ಹಾಕಿ, ಮೋಟರಿಗೆ ಹಾಕಿದ ಪುಟ್ಟ ಗಾಲಿಯ ಅಂಚಿನಲ್ಲಿ ಇಪ್ಪತ್ತು ಕಿಲೋ ಎಳೆತ ತಾಳಿದರೆ ನಾನು ಏರು ಹತ್ತುತ್ತೇನೆ ಎಂದು ಅವರು ಹೇಳಿದರು.

ತಾಳದಿದ್ದರೆ ಏನಾಗುತ್ತದೆ ಎಂದು ಯಾರೂ ಹೇಳಬೇಕಿರಲಿಲ್ಲ. ಅರ್ಧ ಏರಿನಲ್ಲಿ ಮೋಟರು ಸುಟ್ಟರೆ ಸೈಕಲ್ಲು ಹಿಂದಕ್ಕೆ ಜಾರುತ್ತದೆ. ಹಿಂದೆ ಬಸ್ಸು ಇರುತ್ತದೆ. ನನಗೆ ಕುತ್ತಿಗೆ ಪೂರ್ತಿ ತಿರುಗುವುದಿಲ್ಲ, ಜಿಗಿದು ಪಾರಾಗುವ ಮಾತಂತೂ ಇಲ್ಲ.

ದೊಡ್ಡ ಕಂಪನಿಗಳಲ್ಲಿ ಮೋಟರಿಗೆ ಭಾರ ಹಚ್ಚಿ ಪರೀಕ್ಷೆ ಮಾಡುವ ಮಶೀನುಗಳಿವೆಯಂತೆ. ಅಂಥದೊಂದರ ಬೆಲೆಗೆ ನಮ್ಮ ಚಾಳಿನ ಕೋಣೆಯೇ ಬಂದೀತು. ಗಂಡನ ವರ್ಕ್‌ಶಾಪಿನಲ್ಲಿ ಮಿಕ್ಸರ್ ಮೋಟರಿಗೆ ಒಂದು ಮರದ ತುಂಡು ಒತ್ತಿ ದನಿ ಕೇಳುತ್ತಾರೆ, ಅಷ್ಟೇ. ಮಿಕ್ಸರು ನಿಂತರೆ ಚಟ್ನಿ ತಡವಾಗುತ್ತದೆ. ನನ್ನ ವಿಷಯಕ್ಕೆ ಅದು ಸಾಲದು ಎಂದು ಸೇತುವೆಯಿಂದ ಮರಳಿದ ಕೂಡಲೇ ಅವರೇ ಒಂದು ಉಪಾಯ ಮಾಡಿದರು. ಅತ್ತೆಯ ಮಂಚಕ್ಕೆ ಹೆಣೆದ ಹತ್ತಿಯ ನವಾರದಿಂದ ಎರಡು ಮಾರುದ್ದ ಪಟ್ಟಿ ಕತ್ತರಿಸಿದರು. ಮೋಟರನ್ನು ಹಲಗೆಗೆ ಬಿಗಿದು ನೆಲದ ಮೇಲೆ ಕೂರಿಸಿ, ಅದರ ಗಾಲಿಯ ಅಡಿಯಿಂದ ನವಾರ ಹಾಯಿಸಿ, ಎರಡೂ ತುದಿಗಳನ್ನು ಮೇಲಕ್ಕೆ ತಂದರು. ಒಂದು ತುದಿ ಅಟ್ಟದ ಕಬ್ಬಿಣಕ್ಕೆ ತೂಗುಬಿಟ್ಟ ತಕ್ಕಡಿಯ ಕೊಕ್ಕೆಗೆ. ಇನ್ನೊಂದು ತುದಿ ಅದೇ ಕಬ್ಬಿಣದ ಒಂದು ಉದ್ದ ಬೋಲ್ಟಿಗೆ. ಬೋಲ್ಟಿನ ನಟ್ಟು ತಿರುಗಿಸಿದಂತೆ ನವಾರ ಬಿಗಿಯುತ್ತದೆ, ಗಾಲಿಯನ್ನು ತಬ್ಬಿ ಹಿಡಿಯುತ್ತದೆ, ಮೋಟರು ಅದರೊಡನೆ ಗುದ್ದಾಡುತ್ತಲೇ ತಿರುಗಬೇಕು. ಗಾಲಿ ಕಾಯದಂತೆ ಅತ್ತೆ ಲೋಟದಿಂದ ನೀರು ಹನಿಸಬೇಕು.

"ಮಂಚ ಹಾಳಾತಲ್ಲೋ ನಂದು," ಎನ್ನುತ್ತಲೇ ಅತ್ತೆ ನೀರು ಹನಿಸಿದರು.

ಗಂಡ ನಟ್ಟು ಬಿಗಿದರು. ತಕ್ಕಡಿಯ ಮುಳ್ಳು ಐದು ದಾಟಿತು, ಹತ್ತು ದಾಟಿತು. ಮೋಟರಿನ ದನಿ ದಪ್ಪವಾಯಿತು. ಹಸಿ ಹತ್ತಿ ಬಿಸಿಯಾದ ವಾಸನೆ ಕೋಣೆ ತುಂಬಿತು. ಮುಳ್ಳು ಇಪ್ಪತ್ತಕ್ಕೆ ಬಂದು ನಿಂತಿತು, ಮೋಟರೂ ನಿಲ್ಲದೆ ತಿರುಗಿತು. ಏರು ಹತ್ತಲು ಎಷ್ಟು ಹೊತ್ತು ಬೇಕೋ ಅದರ ಎರಡು ಪಟ್ಟು ಹೊತ್ತು ಓಡಿಸಿದರು. ಮೋಟರಿನ ಮೈ ಬೆಚ್ಚಗಿತ್ತು, ಅಷ್ಟೇ.

"ಪಾಸ್!" ಎಂದು ಗಂಡ ಕುಣಿದರು. "ಬರೋಬ್ಬರಿ ಇಪ್ಪತ್ತು ಕಿಲೋ! ನಾಳೆ ನೀ ರಿಕ್ಷಾದವರನ್ನ ಹಿಂದ ಹಾಕತಿ ನೋಡು." ಅತ್ತೆ ದೇವರಿಗೆ ಕೈಮುಗಿದರು. ನಾನೂ ನಕ್ಕೆ.

ಸಂಜೆ ಸೈಕಲ್ಲಿಗೆ ಕೂರಿಸುವ ಮುನ್ನ ಇನ್ನೊಂದು ಸಲ ಓಡಿಸಿ ನೋಡೋಣ ಎಂದರು. ಅಲ್ಲೇ ಎಡವಟ್ಟಾಯಿತು. ಬಿಗಿಯುವಾಗ ಬೋಲ್ಟಿನ ಥ್ರೆಡ್ ಸವೆದು ನಟ್ಟು ಕಳಚಿ ಬಿತ್ತು. ನವಾರದ ಆ ತುದಿ ಸಡಿಲವಾಗಿ ನನ್ನ ಮಡಿಲಿಗೆ ಬಂತು. ನಾನು ಮಂಚದ ಅಂಚಿನಲ್ಲಿ ಕುಳಿತಿದ್ದೆ. "ಅಂಗಡಿ ಮುಚ್ಚ್ಯಾವು, ಬ್ಯಾರೆ ನಟ್ಟ ಎಲ್ಲಿಂದ ತರಲಿ?" ಎಂದು ಅವರು ತಲೆ ಕೆರೆದುಕೊಂಡರು.

"ಕೊಡ್ರಿ ಇಲ್ಲೆ, ನಾ ಹಿಡೀತೀನಿ. ಎಡಗೈ ಗಟ್ಟಿ ಐತಿ ನಂದು," ಎಂದೆ.

ಎಡಗೈಗೆ ಎರಡು ಸುತ್ತು ಸುತ್ತಿಕೊಂಡು ಮೇಲಕ್ಕೆ ಎಳೆದೆ. ಮೋಟರು ಹೊರಟಿತು. ನಾನು ಎಳೆದಷ್ಟೂ ತಕ್ಕಡಿಯ ಮುಳ್ಳು ಏರಿತು. ಹತ್ತು, ಹದಿನೈದು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ನನ್ನ ಮುಷ್ಟಿ ಬೆಳ್ಳಗಾಗಿತ್ತು. ಅಂಗಡಿಯಿಂದ ತುಂಬಿದ ಎಣ್ಣೆ ಡಬ್ಬಿ ಎತ್ತಿ ತಂದಾಗ ಕೈ ಹೇಗೆ ಜಗ್ಗುತ್ತದೋ ಹಾಗೆ ಜಗ್ಗುತ್ತಿತ್ತು.

"ರೀ, ನನ್ನ ಕೈಗೂ ಜಗ್ಗಾಕತ್ತೈತಿ."

"ಜಗ್ಗಲಿ, ಗಟ್ಟಿ ಹಿಡಿ. ಇಪ್ಪತ್ತು ಬಂತು."

"ಅಲ್ರೀ, ಆ ಇಪ್ಪತ್ತರಾಗ ನಾ ಜಗ್ಗಿದ್ದೂ ಕೂಡೇತಿ. ಮೋಟರ ಒಂದ ಜಗ್ಗಿದ್ದಲ್ಲ ಅದು."

ಅವರು ಸ್ವಿಚ್ ಆರಿಸಿದರು. ನನ್ನ ಕಡೆ ಒಮ್ಮೆ, ತಕ್ಕಡಿಯ ಕಡೆ ಒಮ್ಮೆ ನೋಡಿದರು. ತೂಗುವ ಜನ ನಾವು. ಅಕ್ಕಿಯೋ ರದ್ದಿಯೋ, ಒಂದು ಕೊಕ್ಕೆಗೆ ಸಿಕ್ಕಿಸಿದರೆ ಅದರ ಭಾರವೆಲ್ಲ ಆ ಕೊಕ್ಕೆಯಲ್ಲೇ ಬಂತು ಎಂದು ಲೆಕ್ಕ. ನವಾರಕ್ಕೆ ಎರಡು ತುದಿ. ಮೋಟರನ್ನು ಓಡಿಸದೆ ಸುಮ್ಮನೆ ಬಿಗಿದರೂ ಎರಡು ತುದಿಯಲ್ಲೂ ಎಳೆತವಿರುತ್ತದೆ, ತಕ್ಕಡಿ ಕಿಲೋ ತೋರಿಸುತ್ತದೆ. ಬೋಲ್ಟಿನ ತುದಿಯ ಎಳೆತವನ್ನು ತಕ್ಕಡಿ ತೋರಿಸಿದ್ದರಲ್ಲಿ ಕಳೆದರೆ ಉಳಿಯುವುದಷ್ಟೇ ಮೋಟರಿನ ನಿಜವಾದ ಹೊರೆ. ಬೆಳಿಗ್ಗೆ ಬೋಲ್ಟು ಹಿಡಿದಿದ್ದ ತುದಿ ಎಷ್ಟು ಎಳೆಯುತ್ತಿದೆ ಎಂದು ಹೇಳಲು ಬೋಲ್ಟಿಗೆ ಬಾಯಿರಲಿಲ್ಲ.

"ನಿನಗ ಹಂಗ ಅನಸತದ," ಎಂದರು ಗಂಡ. ದನಿ ಗಡುಸಾಗಿತ್ತು. "ಮೋಟರ ನಿಂತಿಲ್ಲ, ಕಾದಿಲ್ಲ. ಇನ್ನೇನ ಬೇಕು? ಎಲ್ಲದರಾಗೂ ಕೊಂಕ ತಗಿಬ್ಯಾಡ."

"ಏರಿನ್ಯಾಗ ಕುಂದ್ರಾಕಿ ನಾನು, ನೀವಲ್ಲ."

ಅವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸಿಟ್ಟು ಮಾಡಿಕೊಂಡು ಹೋದರೇ ಎಂದು ನಾನು ತುಟಿ ಕಚ್ಚಿ ಕುಳಿತೆ. ಸೋಮವಾರ ತಪ್ಪಿದರೆ ಕೌಂಟರು ಹೋಯಿತು, ತಪ್ಪಿಸದಿದ್ದರೆ ಆ ಏರಿನಲ್ಲಿ ಏನಾಗುತ್ತದೋ. ಅತ್ತೆ ನನ್ನ ಎಡಗೈ ಹಿಡಿದು ನವಾರದ ಬರೆ ಬಿದ್ದಲ್ಲಿ ಕೊಬ್ಬರಿ ಎಣ್ಣೆ ತಿಕ್ಕಿದರು. "ಆಂವ ಹಂಗ, ಬೈದು ಆಮ್ಯಾಲೆ ಮಾಡಾಂವ," ಎಂದರು.

ಗಂಡ ಮರಳಿದಾಗ ಕೈಯಲ್ಲಿ ಎರಡನೆಯ ತಕ್ಕಡಿ ಇತ್ತು. ಪಕ್ಕದ ಗಲ್ಲಿಯ ಮೀನಿನಾಕೆಯದು. ವಾಸನೆ ಅವರಿಗಿಂತ ಮೊದಲೇ ಒಳಗೆ ಬಂತು. ಅತ್ತೆ ಮೂಗಿಗೆ ಸೆರಗು ಹಿಡಿದು, ತಕ್ಕಡಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಹೊಸ್ತಿಲು ದಾಟಿಸಿದರು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ.

ಮಂಚದ ಅಡ್ಡಪಟ್ಟಿಯಿಂದ ಬೋಲ್ಟು ಬಿಚ್ಚಿ ಅಟ್ಟದ ಕಬ್ಬಿಣಕ್ಕೆ ಹಾಕಿದರು. ಅದಕ್ಕೆ ಮೀನಿನ ತಕ್ಕಡಿ, ಅದರ ಕೊಕ್ಕೆಗೆ ನವಾರದ ಇನ್ನೊಂದು ತುದಿ. ಈಗ ಎರಡು ಮುಳ್ಳು. ರದ್ದಿಯವನ ತಕ್ಕಡಿ ಇಪ್ಪತ್ತು ತೋರಿಸಿದಾಗ ಮೀನಿನಾಕೆಯ ತಕ್ಕಡಿ ಎಂಟು ತೋರಿಸಿತು. ಹನ್ನೆರಡು. ಬೆಳಿಗ್ಗೆ ಕುಣಿದಿದ್ದು ಹನ್ನೆರಡಕ್ಕೆ.

ಗಂಡನ ಮುಖ ಹುಳ್ಳಗಾಯಿತು. ನಟ್ಟು ಬಿಗಿಯುತ್ತಾ ಹೋದರು. ಕಳೆದು ಉಳಿದದ್ದು ನಿಜವಾದ ಇಪ್ಪತ್ತಾಗುವ ಹೊತ್ತಿಗೆ ಮೋಟರು ನರಳತೊಡಗಿತು. ವೇಗ ಬಿದ್ದುಹೋಯಿತು. ಕರೆಂಟು ಅಳೆಯುವ ಮೀಟರಿನಲ್ಲಿ ಅಂಕಿ ಏರುತ್ತಲೇ ಇತ್ತು. ಅತ್ತೆ ಹನಿಸಿದ ನೀರು ಗಾಲಿಗೆ ಬಿದ್ದಲ್ಲೇ ಚುಂಯ್ ಎಂದು ಹಾರಿತು. ಆಮೇಲೆ ಆ ವಾಸನೆ ಬಂತು, ಸುಟ್ಟ ವಾರ್ನಿಷ್ ವಾಸನೆ, ನನ್ನ ಗಂಡ ದಿನಾ ಸಂಜೆ ಅಂಗಿಯಲ್ಲಿ ತರುವ ವಾಸನೆ. ತಂತಿ ಸುಡುವ ಮೊದಲೇ ಅವರು ಥಟ್ಟನೆ ವೈರು ಕಿತ್ತರು.

ನಾನು ಸೇತುವೆಯ ಅರ್ಧದಲ್ಲಿ ಆ ವಾಸನೆ ಬಂದಿದ್ದರೆ ಎಂದು ಯೋಚಿಸಿದೆ. ಅವರೂ ಅದನ್ನೇ ಯೋಚಿಸುತ್ತಿದ್ದರು ಎಂದು ಕಿತ್ತ ವೈರನ್ನು ಕೆಳಗಿಡದೆ ಹಿಡಿದೇ ಕುಳಿತದ್ದರಲ್ಲಿ ಗೊತ್ತಾಯಿತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಯ್ಯೋ ಅನ್ನಿಸಿತು. ಆದರೆ ನಾಳೆ ಸೋಮವಾರವಾಗಿತ್ತು.

"ಒಂದ ದಾರಿ ಐತಿ," ಎಂದರು ನೆಲ ನೋಡುತ್ತಾ. "ಮೋಟರಿನ ಕಡೆ ಕಮ್ಮಿ ಹಲ್ಲಿನ ಸಣ್ಣ ಚಕ್ರ ಹಾಕಿದ್ರ ಅದಕ್ಕ ಭಾರ ಕಮ್ಮಿ ಆಗತೈತಿ. ಹನ್ನೆರಡರಾಗ ಏರ ಹತ್ತತೈತಿ. ಆದ್ರ ಗಾಡಿ ಭಾಳ ಸಾವಕಾಶ. ನಡಿಯೋರು ಸೈತ ನಿನ್ನ ದಾಟಿ ಹೋಗತಾರ."

ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದರೆ, ಆಗ ನನಗೆ ಎಲ್ಲ ಅರ್ಥವಾಯಿತು. ಹಾರ್ನು, ಕನ್ನಡಿ, ರಿಕ್ಷಾ ಹಿಂದೆ ಹಾಕುವ ಮಾತು. ಹೆಂಡತಿ ಒಮ್ಮೆಯಾದರೂ ಜೋರಾಗಿ ಹೋಗಲಿ ಎಂದು ಅವರಿಗೆ ಆಸೆಯಿತ್ತು.

"ನನಗ ತಿಳಿವಳಿಕಿ ಬಂದಾಗಿಂದ ನಡಿಯೋರು ದಾಟೇ ಹೋಗ್ಯಾರ್ರೀ. ಸಣ್ಣದನ್ನ ಹಾಕ್ರಿ," ಎಂದೆ.

ಹಾಕಿದರು. ಹನ್ನೆರಡು ಕಿಲೋ ನಿಜ ಹೊರೆಯಲ್ಲಿ, ಎರಡೂ ಮುಳ್ಳು ನೋಡುತ್ತಾ, ನಿಧಾನದ ಏರಿಗೆ ಹಿಡಿಯುವಷ್ಟು ಹೊತ್ತು ಮೋಟರು ಓಡಿಸಿದೆವು. ತಾಳಿತು. ಈ ಸಲ ಯಾರೂ ಪಾಸ್ ಎನ್ನಲಿಲ್ಲ. "ಏರಿನ ನಡುವ ನಿಂತರ ಮತ್ತ ಹೊರಡತೈತೇನ್ರೀ?" ಎಂದು ಕೇಳಿದೆ. ನಿಂತಲ್ಲಿಂದ ಎಳೆಯುವುದು ಓಡುತ್ತಾ ಎಳೆಯುವುದಕ್ಕಿಂತ ಹೆಚ್ಚು ಕಷ್ಟ ಎಂದು ಪೆಡಲು ತಿರುಗಿಸಿದ ಭುಜಕ್ಕೆ ಗೊತ್ತಿತ್ತು. ಅವರು ನವಾರ ಎತ್ತಿ ತೋರಿಸಿದರು. ಅದು ನಡುವೆ ಸುಟ್ಟು ಎಳೆಎಳೆಯಾಗಿತ್ತು, ಇನ್ನೊಂದು ಪರೀಕ್ಷೆಗೆ ತಡೆಯುವಂತಿರಲಿಲ್ಲ. "ನಿಲ್ಲಬ್ಯಾಡ," ಎಂದರು.

ಸೋಮವಾರ ಬೆಳಿಗ್ಗೆ ಹೊರಡುವಾಗ, ನೀವು ಬರಕೂಡದು ಎಂದು ಗಂಡನಿಗೆ ಹೇಳಿದೆ. ಅವರು ತಲೆಯಾಡಿಸಿ ವರ್ಕ್‌ಶಾಪಿನ ದಾರಿ ಹಿಡಿದರು. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿಯೇ ನನಗೆ ಸಂಶಯ ಬರಬೇಕಿತ್ತು.

ಏರಿನ ಬುಡಕ್ಕೆ ಬಂದೆ. ಎಕ್ಸಿಲೇಟರು ತಿರುಗಿಸಿದೆ. ಸೈಕಲ್ಲು ಏರಿತು, ನಿಜಕ್ಕೂ ಸಾವಕಾಶವಾಗಿ. ಟಿಫಿನ್ ಚೀಲ ಹಿಡಿದ ಒಬ್ಬ ಹೆಂಗಸು ನನ್ನನ್ನು ದಾಟಿ ಹೋದಳು, ಕೋಲೂರುವ ಮುದುಕರೊಬ್ಬರು ದಾಟಿದರು. ನನ್ನ ಕಿವಿಯೆಲ್ಲ ಮೋಟರಿನ ದನಿಯಲ್ಲಿತ್ತು, ಮೂಗೆಲ್ಲ ವಾರ್ನಿಷ್ ವಾಸನೆ ಹುಡುಕುತ್ತಿತ್ತು. ಬಲಭುಜ ಸುಮ್ಮನೆ ಕುಳಿತಿತ್ತು. ಆ ಏರಿನಲ್ಲಿ ಅದು ಸುಮ್ಮನೆ ಕುಳಿತದ್ದು ಅದೇ ಮೊದಲು.

ಅರ್ಧಕ್ಕೆ ಬಂದಾಗ ಮುಂದಿದ್ದ ಟೆಂಪೋ ನಿಂತಿತು. ಅದರ ಮುಂದಿನದೂ ನಿಂತಿತ್ತು, ಅದರ ಮುಂದಿನದೂ. ನಾನು ಬ್ರೇಕು ಅಮುಕಿದೆ. ಹಿಂದೆ ಬಸ್ಸಿನ ಗಾಳಿಬ್ರೇಕಿನ ಉಸಿರು ಕೇಳಿತು, ಕನ್ನಡಿಯ ತುಂಬ ಅದರ ಕೆಂಪು ಮೂತಿ. ಸತ್ತೇಹೋಗುತ್ತೇನೆ ಎಂದು ನಿಜವಾಗಿಯೂ ಅನ್ನಿಸಿತು.

ಟೆಂಪೋ ಮುಂದೆ ಸರಿಯಿತು. ಬಸ್ಸಿನವನು ಹಾರ್ನ್ ಹೊಡೆದ. ಅಷ್ಟರಲ್ಲಿ ನನ್ನ ಸೀಟಿನ ಬೆನ್ನಿಗೆ ಏನೋ ಒತ್ತಿದಂತಾಯಿತು. ತಿರುಗಿ ನೋಡಬೇಕಿರಲಿಲ್ಲ. ಆ ಕೈಗಳ ಒತ್ತು ನನಗೆ ಗೊತ್ತು, ಏದುಸಿರೂ ಗೊತ್ತು.

"ನಾ ಅದೀನಿ, ಅಂಜಬ್ಯಾಡ. ಎಕ್ಸಿಲೇಟರ್ ಕೊಡು, ನಾ ನೂಕತೀನಿ."

"ಕೈ ತಗೀರಿ."

"ಹುಚ್ಚೇನ ನೀ? ಹಿಂದ ಬಸ್ಸೈತಿ!"

"ಗೊತ್ತೈತಿ. ಇವತ್ತ ನೀವು ನೂಕಿದ್ರ ನಾಳೆ ಏನಾಗತೈತಿ ಅಂತ ನನಗ ಗೊತ್ತಾಗೂದಿಲ್ಲ. ನಿಮಗೂ ಗೊತ್ತಾಗೂದಿಲ್ಲ. ತಗೀರಿ."

ಬಸ್ಸಿನವನು ಮತ್ತೆ ಹಾರ್ನ್ ಹೊಡೆದ. ಗಂಡ ಬಸ್ಸಿನ ಕಡೆ ತಿರುಗಿ ಮರಾಠಿಯಲ್ಲಿ ಏನೋ ಕಿರುಚಿದರು. ಅವರು ಅಷ್ಟು ದೊಡ್ಡ ದನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ಬೆನ್ನಿನ ಒತ್ತು ಹೋಯಿತು.

ಎಕ್ಸಿಲೇಟರು ಪೂರ್ತಿ ತಿರುಗಿಸಿ ಬ್ರೇಕು ಬಿಟ್ಟೆ. ಸೈಕಲ್ಲು ಒಂದು ಗೇಣು ಹಿಂದಕ್ಕೆ ಜಾರಿತು. ಮೋಟರು ಹೊರೆ ಹೊತ್ತವರ ಹಾಗೆ ನರಳಿ ಅಲ್ಲೇ ನಿಂತಿತು, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಅವರ ಕೈ ಮತ್ತೆ ಬರುತ್ತದೆ ಎಂದು ಬೆನ್ನು ಕಾಯುತ್ತಿತ್ತು. ಬರಲಿಲ್ಲ. ಮುಂದಿನ ಚಕ್ರ ರಸ್ತೆಗೆ ಹಾಸಿದ ಕಲ್ಲೊಂದನ್ನು ಮೆಲ್ಲಗೆ ತುಳಿಯಿತು, ಇನ್ನೊಂದನ್ನು ತುಳಿಯಿತು. ಟೆಂಪೋದ ಹಿಂಬದಿಯ ನಂಬರು ಹತ್ತಿರ ಬರತೊಡಗಿತು.

ನಾನು ಏರು ಹತ್ತುತ್ತಿದ್ದೆ. ಕನ್ನಡಿಯಲ್ಲಿ ಅವರು ಬಸ್ಸಿನ ಮೂತಿಯ ಮುಂದೆ ಎರಡೂ ತೋಳು ಅಗಲಿಸಿ ನಿಂತಿದ್ದರು, ನನಗೆ ಬೆನ್ನು ಮಾಡಿ. ನಾನು ಹೋಗುವುದನ್ನು ಅವರು ನೋಡುತ್ತಿರಲಿಲ್ಲ, ಬಸ್ಸನ್ನು ನೋಡುತ್ತಿದ್ದರು. ತುದಿ ಮುಟ್ಟುವವರೆಗೆ ನಾನು ಅಳುತ್ತಲೇ ಹೋದೆ, ಒರೆಸಿಕೊಳ್ಳಲು ಕೈ ಬಿಡಲಿಲ್ಲ.